ಓದಿಗೂ ಒಂದು ಮುಗಿಯುವ ಗಂಟೆ ಬೇಕು

ನಮ್ಮ ಸಂಘದಲ್ಲಿ ಕಂಪ್ಯೂಟರ್ ಸೈನ್ಸ್, ಎಲೆಕ್ಟ್ರಿಕಲ್, ಬಯೋ ಓದುವವರೇ ಜಾಸ್ತಿ. ಕಾನೂನು ಓದುವ ನಾವು ಬೆರಳೆಣಿಕೆಯಷ್ಟು. ಹಾಗಾಗಿ ಯುಗಾದಿ ಊಟಕ್ಕೆ ಹೋದರೂ, ರಾಜ್ಯೋತ್ಸವಕ್ಕೆ ಹೋದರೂ ನಮಗೆ ಎರಡು ಪ್ರಶ್ನೆ ತಪ್ಪಿದ್ದಲ್ಲ. ಒಂದು, "ಲಾ ಓದೋಕೆ ಇಷ್ಟು ದೂರ ಬರಬೇಕಿತ್ತಾ?" ಇನ್ನೊಂದು, "ಅಷ್ಟು ದಪ್ಪ ದಪ್ಪ ಪುಸ್ತಕ ಓದೋಕೆ ನಿಮಗೆ ಟೈಮ್ ಎಲ್ಲಿಂದ ಸಿಗತ್ತೆ?" ಮೊದಲನೆಯದಕ್ಕೆ ಒಬ್ಬೊಬ್ಬರದು ಒಂದೊಂದು ಉತ್ತರ. ಎರಡನೆಯದಕ್ಕೆ ನಾವೆಲ್ಲ ಸೇರಿ ಒಂದು ಉತ್ತರ ಕೊಡಬಹುದು ಅನ್ನಿಸಿ ಈ ಲೇಖನ ಬರೆಯುತ್ತಿದ್ದೇವೆ.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡ್ತೇವೆ. ಕಾನೂನು ವಿದ್ಯಾರ್ಥಿಗೆ ಕೊರತೆ ಇರೋದು ಟೈಮ್‌ಟೇಬಲ್‌ದಲ್ಲ. ಓದು ಶುರುವಾಗುವ ಹೊತ್ತು ಎಲ್ಲರಿಗೂ ಗೊತ್ತು, ನಿಲ್ಲಿಸುವ ಹೊತ್ತು ಯಾರಿಗೂ ಗೊತ್ತಿಲ್ಲ. ನಿಲ್ಲಿಸುವ ಹೊತ್ತು ಇಲ್ಲದ ಓದು ಮೊದಲು ನಿದ್ದೆಯನ್ನು ತಿನ್ನುತ್ತದೆ, ಆಮೇಲೆ ಊಟ, ಆಮೇಲೆ ಸ್ನೇಹ, ಕೊನೆಗೆ ಓದನ್ನೇ ತಿನ್ನುತ್ತದೆ. ಇದನ್ನು ಸರಿಮಾಡೋದು ಒಬ್ಬೊಬ್ಬರ ಶಿಸ್ತಿನಿಂದ ಮಾತ್ರ ಆಗುವಂಥದ್ದಲ್ಲ. ನಮ್ಮಂಥ ಸಂಘಗಳಿಗೂ ಇದರಲ್ಲಿ ಪಾಲಿದೆ.

ಈ ಓದು ಯಾಕೆ ಮುಗಿಯೋದಿಲ್ಲ

ಎಂಜಿನಿಯರಿಂಗ್ ಓದುವ ಗೆಳೆಯರಿಗೆ ವಾರ ವಾರ ಅಸೈನ್‌ಮೆಂಟ್ ಇರುತ್ತದೆ. ಕಷ್ಟವೇ, ಆದರೆ ಸಲ್ಲಿಸಿದ ಮೇಲೆ ಅದು ಮುಗಿಯಿತು. ಮುಂದಿನ ವಾರ ಅಂಕ ಬರುತ್ತದೆ, ತಾನು ಎಲ್ಲಿದ್ದೇನೆ ಅಂತ ತಿಳಿಯುತ್ತದೆ. ಕಾನೂನಿನ ಬಹುತೇಕ ಕೋರ್ಸುಗಳಲ್ಲಿ ಹಾಗಿಲ್ಲ. ಇಡೀ ಅವಧಿಗೆ ಕೊನೆಯಲ್ಲಿ ಒಂದೇ ಪರೀಕ್ಷೆ. ಅಲ್ಲಿಯವರೆಗೆ ಓದಿದ್ದು ಸಾಕೋ ಸಾಲದೋ ಹೇಳುವವರು ಯಾರೂ ಇಲ್ಲ. ಉತ್ತರ ಸಿಗದ ಕಡೆ ಮನಸ್ಸು ತಾನೇ ಉತ್ತರ ಹೇಳಿಕೊಳ್ಳುತ್ತದೆ: "ಸಾಲದು, ಇನ್ನೂ ಓದು."

ಇದರ ಜೊತೆಗೆ ಕೇಸ್ ಮೆಥಡ್. ಹಾರ್ವರ್ಡ್‌ನಲ್ಲಿ 1870ರಲ್ಲಿ ಡೀನ್ ಆದ ಕ್ರಿಸ್ಟೋಫರ್ ಕೊಲಂಬಸ್ ಲ್ಯಾಂಗ್‌ಡೆಲ್ ಶುರುಮಾಡಿದ ಪದ್ಧತಿ ಅದು. ನಿಯಮವನ್ನು ನೇರವಾಗಿ ಹೇಳಿಕೊಡದೆ, ತೀರ್ಪುಗಳನ್ನು ಓದಿಸಿ, ತರಗತಿಯಲ್ಲಿ ಪ್ರಶ್ನೆ ಕೇಳಿ ಕೇಳಿ ವಿದ್ಯಾರ್ಥಿಯ ಬಾಯಿಂದಲೇ ನಿಯಮ ಹೊರಡಿಸೋದು. ಒಳ್ಳೆಯ ಪದ್ಧತಿಯೇ. ಆದರೆ ಊರಲ್ಲಿ ಬೇರ್ ಆಕ್ಟ್ ಹಿಡಿದು, ಅವತಾರ್ ಸಿಂಗ್ ಅವರ ಕಾಂಟ್ರಾಕ್ಟ್ ಪುಸ್ತಕ ಓದಿ, ಸ್ಟಡಿ ಹಾಲಿಡೇಸ್‌ನಲ್ಲಿ ನೋಟ್ಸ್ ಗಟ್ಟಿಮಾಡಿ ಪಾಸಾದವರಿಗೆ ಇದು ಬೇರೆಯೇ ಲೋಕ. ಅಲ್ಲಿ ಸೆಕ್ಷನ್ ನಂಬರ್ ಇತ್ತು, ಕೈಗೆ ಹಿಡಿತವಿತ್ತು. ಇಲ್ಲಿ ಐವತ್ತು ಅರವತ್ತು ಪುಟ ಓದಿದ ಮೇಲೂ "ಇದರಲ್ಲಿ ನಿಯಮ ಯಾವುದು?" ಅಂತ ಹುಡುಕಬೇಕು. ಮೇಲಿಂದ ಕೋಲ್ಡ್ ಕಾಲ್ ಭಯ: ಯಾವತ್ತು ಯಾರ ಹೆಸರು ಕರೆಯುತ್ತಾರೋ ಗೊತ್ತಿಲ್ಲ. ಆ ಭಯಕ್ಕೆ ಎಲ್ಲ ಪುಟವನ್ನೂ ಒಂದೇ ತೂಕದಲ್ಲಿ, ಒಂದೇ ನಿಧಾನದಲ್ಲಿ ಓದೋದು ಅಭ್ಯಾಸವಾಗಿಬಿಡುತ್ತದೆ.

ಪಾಲೋ ಆಲ್ಟೋದ ಪಕ್ಕದ ಸ್ಟ್ಯಾನ್‌ಫರ್ಡ್‌ನಲ್ಲಿ ಓದುವವರಿಗೆ ಇನ್ನೊಂದು ಒತ್ತಡವಿದೆ, ಕ್ವಾರ್ಟರ್ ಪದ್ಧತಿ. ಪಾಠ ನಡೆಯೋದು ಹತ್ತಿರ ಹತ್ತಿರ ಹತ್ತು ವಾರ. ಸೆಪ್ಟೆಂಬರ್ ಕೊನೆಗೆ ಬ್ಯಾಗ್ ಬಿಚ್ಚಿ, ಅಂಗಡಿ ಎಲ್ಲಿ, ಬಸ್ಸು ಎಲ್ಲಿ ಅಂತ ತಿಳಿಯುವ ಹೊತ್ತಿಗೆ ನಾಲ್ಕನೆಯ ವಾರ ಬಂದಿರುತ್ತದೆ. ಬೆಂಗಳೂರಿನ ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲ್‌ನಲ್ಲಿ ಟ್ರೈಮೆಸ್ಟರ್‌ನಲ್ಲಿ ಓದಿ ಬಂದವರಿಗೆ ಈ ಓಟ ಸ್ವಲ್ಪ ಪರಿಚಯ. ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಸೆಮಿಸ್ಟರ್ ಓದಿ ಬಂದವರಿಗೆ ಉಸಿರು ಹಿಡಿದ ಹಾಗೆ. ಬರ್ಕ್ಲಿ, ಸಾಂಟಾ ಕ್ಲಾರಾ ಕಡೆಯ ಗೆಳೆಯರಿಗೆ ಸೆಮಿಸ್ಟರ್ ಇದೆ, ವಾರಗಳು ಜಾಸ್ತಿ. ಆದರೆ ಕೊನೆಯಲ್ಲಿ ಒಂದೇ ಪರೀಕ್ಷೆ ಅನ್ನುವ ಕಥೆ ಅಲ್ಲೂ ಅದೇ.

ಗಂಟೆಗಳ ಲೆಕ್ಕ

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಮೊದಲು ಹಾಸಿಗೆ ಎಷ್ಟಿದೆ ನೋಡೋಣ. ವಾರಕ್ಕೆ ಇರೋದು 168 ಗಂಟೆ. ದಿನಕ್ಕೆ 8ರಂತೆ ನಿದ್ದೆಗೆ 56 ತೆಗೆದರೆ 112 ಉಳಿಯುತ್ತದೆ. ಅಡುಗೆ, ಊಟ, ಸ್ನಾನ, ಬಟ್ಟೆ ಒಗೆಯೋದು, ಓಡಾಟಕ್ಕೆ ದಿನಕ್ಕೆ 4 ಗಂಟೆ ಅಂದರೆ 28. ಈಗ 84.

ಓದಿಗೆ ಎಷ್ಟು ಬೇಕು? ಅಮೆರಿಕನ್ ಬಾರ್ ಅಸೋಸಿಯೇಷನ್ ಲಾ ಸ್ಕೂಲುಗಳಿಗೆ ಹಾಕಿರುವ ನಿಯಮದಲ್ಲೇ ಇದಕ್ಕೆ ಲೆಕ್ಕವಿದೆ. ಒಂದು ಕ್ರೆಡಿಟ್ ಅಂದರೆ ವಾರಕ್ಕೆ ತರಗತಿಯ ಒಂದು ಗಂಟೆ, ಹೊರಗಿನ ಓದು ಕನಿಷ್ಠ ಎರಡು ಗಂಟೆ, ಇದು ಹದಿನೈದು ವಾರ ಅಥವಾ ಅದಕ್ಕೆ ಸಮನಾದ ಕೆಲಸ. ಕ್ವಾರ್ಟರ್‌ನಲ್ಲೂ ಒಂದು ಯೂನಿಟ್‌ಗೆ ವಾರಕ್ಕೆ 3 ಗಂಟೆ ಅಂತಲೇ ಇಟ್ಟುಕೊಳ್ಳಿ. 12 ಯೂನಿಟ್ ತೆಗೆದುಕೊಂಡರೆ 36 ಗಂಟೆ. ಹೊಸದಾಗಿ ಬಂದವರಿಗೆ ಇಲ್ಲಿನ ತೀರ್ಪುಗಳ ಭಾಷೆ ಒಗ್ಗುವ ತನಕ ಜಾಸ್ತಿ ಹೊತ್ತು ಹಿಡಿಯುತ್ತದೆ, ಒಂದೂವರೆ ಪಟ್ಟು ಅನ್ನೋಣ. ಅಂದರೆ 54. 84ರಲ್ಲಿ 54 ಹೋದರೆ ಇನ್ನೂ 30 ಗಂಟೆ ಕೈಯಲ್ಲಿದೆ.

ಈ ಲೆಕ್ಕ ಎಲ್ಲರಿಗೂ ಹೀಗೇ ಹೊಂದುತ್ತದೆ ಅಂತ ನಾವು ಹೇಳ್ತಿಲ್ಲ. ಎಫ್-1 ವೀಸಾದಲ್ಲಿ ತರಗತಿ ನಡೆಯುವಾಗ ಕ್ಯಾಂಪಸ್ ಕೆಲಸಕ್ಕೆ ವಾರಕ್ಕೆ 20 ಗಂಟೆಯ ಮಿತಿ ಇದೆ. ಆ ಇಪ್ಪತ್ತನ್ನೂ ದುಡಿಯಲೇಬೇಕಾದವರ ಕೈಯಲ್ಲಿ ಉಳಿಯೋದು 10. ಮಕ್ಕಳಿರುವವರ ಲೆಕ್ಕವೇ ಬೇರೆ. ಆದರೂ ಲೆಕ್ಕ ಒಂದು ವಿಷಯ ತೋರಿಸುತ್ತದೆ. ರಾತ್ರಿ ಎರಡರ ತನಕ ಕೂತೂ ಓದು ಮುಗಿಯುತ್ತಿಲ್ಲ ಅಂದರೆ, ಹೆಚ್ಚಿನ ಸಲ ಗಂಟೆಗಳು ಇಲ್ಲದೆ ಅಲ್ಲ, ಎಲ್ಲೋ ಸೋರಿ ಹೋಗುತ್ತಿವೆ. ಸೋರುವ ಜಾಗ ಎರಡು: ಎಲ್ಲವನ್ನೂ ಒಂದೇ ಆಳದಲ್ಲಿ ಓದೋದು, ಮತ್ತು ಓದಿದ್ದನ್ನೇ ಮತ್ತೆ ಓದೋದು.

ಎಷ್ಟು ಆಳ, ಎಷ್ಟು ಸಲ

ಒಂದು ಉದಾಹರಣೆ ಕೊಡ್ತೇವೆ. ಇಲ್ಲಿನ ಕಾಂಟ್ರಾಕ್ಟ್ಸ್ ಪುಸ್ತಕಗಳಲ್ಲಿ ಹ್ಯಾಡ್ಲಿ ವಿರುದ್ಧ ಬ್ಯಾಕ್ಸೆಂಡೇಲ್ ಅನ್ನುವ 1854ರ ಇಂಗ್ಲೆಂಡಿನ ತೀರ್ಪು ಬಂದೇ ಬರುತ್ತದೆ. ಗ್ಲಾಸ್ಟರ್‌ನ ಗಿರಣಿಯೊಂದರ ಕ್ರ್ಯಾಂಕ್ ಶಾಫ್ಟ್ ಮುರಿಯಿತು, ಸಾಗಿಸುವವನು ತಡಮಾಡಿದ, ಗಿರಣಿ ನಿಂತು ಲಾಭ ಹೋಯಿತು. ಆ ಲಾಭದ ನಷ್ಟವನ್ನು ಸಾಗಿಸುವವನು ಕೊಡಬೇಕಾ? ಒಪ್ಪಂದ ಮಾಡಿಕೊಳ್ಳುವಾಗ ಇಬ್ಬರಿಗೂ ಊಹೆಯಲ್ಲಿ ಇರಬಹುದಾಗಿದ್ದ ನಷ್ಟಕ್ಕೆ ಮಾತ್ರ ಪರಿಹಾರ ಅಂತ ನ್ಯಾಯಾಲಯ ಹೇಳಿತು. ಊರಲ್ಲಿ ಕಾನೂನು ಓದಿದವರಿಗೆ ಇದು ಹೊಸದೇ? 1872ರ ಭಾರತೀಯ ಕರಾರು ಕಾಯ್ದೆಯ 73ನೇ ಸೆಕ್ಷನ್ ನಿಂತಿರೋದೇ ಈ ತತ್ವದ ಮೇಲೆ. ಗೊತ್ತಿರುವ ಸೆಕ್ಷನ್ ಪಕ್ಕದಲ್ಲಿಟ್ಟು ಓದಿದರೆ ಅರ್ಧ ಗಂಟೆಯ ಕೆಲಸ. ಗೊತ್ತೇ ಇಲ್ಲದವರ ಹಾಗೆ ಮೊದಲಿಂದ ಓದಿದರೆ ಒಂದು ಸಂಜೆ ಹೋಯಿತು. ನಾವು ಖಾಲಿ ಕೈಲಿ ಬಂದವರಲ್ಲ ಅನ್ನೋದನ್ನು ಮೊದಲ ವಾರದಲ್ಲೇ ನೆನಪಿಟ್ಟುಕೊಳ್ಳಬೇಕು.

ಹಾಗೆ ನೋಡಿದರೆ ಒಂದು ವಾರದ ಓದನ್ನು ಮೂರು ಭಾಗ ಮಾಡಬಹುದು. ನಿಯಮವನ್ನು ಹುಟ್ಟಿಸಿದ ಅಥವಾ ತಿರುಗಿಸಿದ ಪ್ರಕರಣ ಪೂರ್ತಿ ಓದಬೇಕು, ಭಿನ್ನಮತದ ತೀರ್ಪು ಇದ್ದರೆ ಅದನ್ನೂ. ಆ ನಿಯಮವನ್ನು ಹಿಗ್ಗಿಸಿದ, ಕುಗ್ಗಿಸಿದ ಪ್ರಕರಣಗಳಲ್ಲಿ ಸಂಗತಿ, ತೀರ್ಮಾನ, ಕಾರಣ ಮೂರು ಸಿಕ್ಕರೆ ಸಾಕು. ಅಧ್ಯಾಯದ ಕೊನೆಯ ಟಿಪ್ಪಣಿಗಳಲ್ಲಿ ಬರುವ ಪ್ರಕರಣಗಳಿಗೆ ಒಂದೊಂದು ಸಾಲು. ಯಾವುದು ಯಾವ ಭಾಗಕ್ಕೆ ಸೇರುತ್ತದೆ ಅಂತ ತಿಳಿಯದಿದ್ದರೆ ಸಿಲೆಬಸ್‌ನ ತಲೆಬರಹ ನೋಡಿ, ಇಲ್ಲವೇ ಕಳೆದ ವರ್ಷ ಅದೇ ಕೋರ್ಸ್ ಮಾಡಿದವರನ್ನು ಕೇಳಿ. ಐದು ನಿಮಿಷದ ಫೋನ್ ಎರಡು ಗಂಟೆ ಉಳಿಸುತ್ತದೆ.

ಇನ್ನು ಓದಿದ್ದನ್ನೇ ಓದುವ ವಿಷಯ. ಹೈಲೈಟರ್ ಹಿಡಿದು ಮೂರನೇ ಸಲ ಓದುವಾಗ ಎಲ್ಲ ಗೊತ್ತಿದ್ದ ಹಾಗೆ ಅನ್ನಿಸುತ್ತದೆ. ಅದು ಪರಿಚಯ, ತಿಳಿವಳಿಕೆ ಅಲ್ಲ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಒಂದು ಸಲ ಓದಿದ ಭಾಗವನ್ನು ಕೆಲವರು ಮತ್ತೆ ಓದಿದರು, ಕೆಲವರು ಪುಸ್ತಕ ಮುಚ್ಚಿ ನೆನಪಿನಿಂದ ಬರೆದರು. ಒಂದು ವಾರದ ನಂತರ ಮತ್ತೆ ಓದಿದವರಿಗೆ ನೆನಪಿದ್ದದ್ದು ಶೇ. 42, ಬರೆದವರಿಗೆ ಶೇ. 56. ಕಾನೂನು ಪರೀಕ್ಷೆಗೆ ಇದು ಇನ್ನೂ ಹೆಚ್ಚು ಹೊಂದುತ್ತದೆ. ಇಲ್ಲಿ ಎಷ್ಟೋ ಪರೀಕ್ಷೆ ಪುಸ್ತಕ ತೆರೆದಿಟ್ಟೇ ಬರೆಯುವಂಥವು, ಬಾಯಿಪಾಠಕ್ಕೆ ಬೆಲೆ ಕಮ್ಮಿ. ಅವರು ಕೊಡೋದು ಒಂದು ಕಥೆ. ಅದರಲ್ಲಿ ಯಾವ ಯಾವ ಕಾನೂನು ಪ್ರಶ್ನೆ ಅಡಗಿದೆ ಅಂತ ಹುಡುಕಿ, ನಿಯಮ ಹೇಳಿ, ಸಂಗತಿಗೆ ಹೊಂದಿಸಿ, ತೀರ್ಮಾನ ಬರೆಯಬೇಕು. ಬರೆದು ಬರೆದೇ ಬರುವ ವಿದ್ಯೆ ಇದು. ಹಳೆಯ ಪ್ರಶ್ನೆಪತ್ರಿಕೆ ಸಿಗುವ ಕಡೆ ನಾಲ್ಕನೇ ವಾರದಿಂದಲೇ ವಾರಕ್ಕೊಂದು ಉತ್ತರ ಬರೆಯೋದು ಒಳ್ಳೆಯದು. ಇಬ್ಬರು ಮೂವರು ಸೇರಿ ಬದಲಾಯಿಸಿಕೊಂಡು ಓದಿದರೆ ಇನ್ನೂ ಒಳ್ಳೆಯದು. "ಸಾಕೋ ಸಾಲದೋ" ಅನ್ನುವ ಪ್ರಶ್ನೆಗೆ ಉತ್ತರ ಕೊಡುವ ವಾರದ ಅಸೈನ್‌ಮೆಂಟ್ ನಮಗಿಲ್ಲ ಅಂದೆವಲ್ಲ, ಅದನ್ನು ನಾವೇ ಮಾಡಿಕೊಂಡ ಹಾಗಾಯಿತು.

ಇಷ್ಟಾದ ಮೇಲೆ ನಿಲ್ಲಿಸುವ ಗಂಟೆ. ರಾತ್ರಿ ಹತ್ತೋ ಹತ್ತೂವರೆಯೋ, ಯಾವುದಾದರೂ ಒಂದು. ಆ ಹೊತ್ತಿಗೆ ಎಷ್ಟು ಆಗಿದೆಯೋ ಅಷ್ಟಕ್ಕೆ ಪುಸ್ತಕ ಮುಚ್ಚಬೇಕು. ಮುಗಿಯುವ ಹೊತ್ತು ಗೊತ್ತಿದ್ದರೆ ಮಾತ್ರ ಏಳು ಗಂಟೆಗೆ ಕೂತಾಗ "ಇದರಲ್ಲಿ ಮುಖ್ಯ ಯಾವುದು?" ಅನ್ನುವ ಪ್ರಶ್ನೆ ಏಳುತ್ತದೆ. ಬೆಳಗಿನ ಜಾವದವರೆಗೂ ಹೊತ್ತಿದೆ ಅಂತ ಕೂತವರಿಗೆ ಆ ಪ್ರಶ್ನೆಯೇ ಹುಟ್ಟೋದಿಲ್ಲ.

ನಿದ್ದೆ ಮತ್ತು ಊರಿನ ಫೋನ್

ನಮ್ಮ ಕಡೆ ನೈಟ್ ಔಟ್ ಅನ್ನೋದು ಹೆಮ್ಮೆಯ ಮಾತು. "ನಿನ್ನೆ ಮಲಗೇ ಇಲ್ಲ ಗುರು" ಅಂದರೆ ಸುತ್ತ ಇದ್ದವರು ಮೆಚ್ಚಿ ತಲೆದೂಗುತ್ತಾರೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಇವರಿಗೆ ಹೇಳಬೇಕು. ಎರಡು ವಾರ ದಿನಾ ಆರೇ ಗಂಟೆ ಮಲಗಿದವರ ಗಮನಶಕ್ತಿ, ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಇಳಿದಿತ್ತು. ಅದಕ್ಕಿಂತ ಯೋಚಿಸಬೇಕಾದ ಸಂಗತಿ ಏನಂದರೆ, ತಮ್ಮ ತಲೆ ಅಷ್ಟು ಮಂದವಾಗಿದೆ ಅಂತ ಅವರಿಗೆ ಅನ್ನಿಸಿಯೇ ಇರಲಿಲ್ಲ. "ನನಗೆ ಆರು ಗಂಟೆ ಸಾಕು" ಅನ್ನುವವರ ಮಾತನ್ನು ನಂಬೋದು ಅದಕ್ಕೇ ಕಷ್ಟ. ತೀರ್ಪಿನ ಒಂದು ವಾಕ್ಯವನ್ನು ನಾಲ್ಕು ಸಲ ಓದಿದರೂ ತಲೆಗೆ ಹೋಗುತ್ತಿಲ್ಲ ಅಂದರೆ ಅದು ಬುದ್ಧಿಯ ದೋಷವಲ್ಲ, ನಿದ್ದೆಯ ಸಾಲ.

ನಿದ್ದೆ ಕದಿಯುವ ಇನ್ನೊಂದು ಸಂಗತಿ ನಮಗೆ ಪ್ರೀತಿಯದ್ದು: ಮನೆಯ ಫೋನ್. ಬೇಸಿಗೆಯಲ್ಲಿ ಪಾಲೋ ಆಲ್ಟೋ ಭಾರತಕ್ಕಿಂತ ಹನ್ನೆರಡೂವರೆ ಗಂಟೆ ಹಿಂದೆ, ನವೆಂಬರ್‌ನಲ್ಲಿ ಗಡಿಯಾರ ತಿರುಗಿಸಿದ ಮೇಲೆ ಹದಿಮೂರೂವರೆ ಗಂಟೆ. ಇಲ್ಲಿ ರಾತ್ರಿ ಹನ್ನೊಂದಾದಾಗ ಅಲ್ಲಿ ಅಮ್ಮ ತಿಂಡಿ ಕೆಲಸ ಮುಗಿಸಿ ಬಿಡುವಾಗಿರುತ್ತಾರೆ. ಮಾತು ಶುರುವಾದರೆ ಒಂದು ಗಂಟೆ. ಆಮೇಲೆ ಮನೆಯ ನೆನಪು, ಇನ್ನೊಂದು ಗಂಟೆ. ಇದನ್ನು ಬೆಳಗ್ಗೆಗೆ ಬದಲಾಯಿಸಿ ನೋಡಿ. ಇಲ್ಲಿ ಬೆಳಗ್ಗೆ ಏಳೂವರೆ ಅಂದರೆ ಅಲ್ಲಿ ಬೇಸಿಗೆಯಲ್ಲಿ ರಾತ್ರಿ ಎಂಟು, ಚಳಿಗಾಲದಲ್ಲಿ ಒಂಬತ್ತು. ಕಾಫಿ ಮಾಡ್ತಾ ಮಾಡ್ತಾ ಮಾತಾಡಬಹುದು. ಅಪ್ಪ ಅಮ್ಮ ಊಟ ಮಾಡಿ ಕೂತಿರ್ತಾರೆ, ಅವರಿಗೂ ಮಲಗುವ ಹೊತ್ತು ಬರುತ್ತದೆ, ನಮಗೂ ತರಗತಿಯ ಹೊತ್ತು ಬರುತ್ತದೆ. ಮಾತು ತಾನಾಗೇ ಮುಗಿಯುತ್ತದೆ, ಯಾರಿಗೂ ಬೇಜಾರಿಲ್ಲ.

ಇಷ್ಟೆಲ್ಲ ಹೇಳೋದು ಸುಲಭ ಅನ್ನುವವರಿಗೆ

"ಮನೆ ಮೇಲೆ ಲಕ್ಷಗಟ್ಟಲೆ ಸಾಲ ತಂದು ಬಂದಿದ್ದೇವೆ, ನೀವು ಹತ್ತು ಗಂಟೆಗೆ ಮಲಗಿ ಅಂತೀರಿ." ಈ ಮಾತು ನಮಗೆ ಅರ್ಥವಾಗುತ್ತದೆ, ತಳ್ಳಿಹಾಕುವಂಥದ್ದಲ್ಲ. ಎಂಜಿನಿಯರಿಂಗ್ ಗೆಳೆಯರಿಗೆ ಓದು ಮುಗಿದ ಮೇಲೆ ಒಂದು ವರ್ಷದ ಒ.ಪಿ.ಟಿ. ಮೇಲೆ ಇನ್ನೂ 24 ತಿಂಗಳು ಸಿಗುತ್ತದೆ. ಕಾನೂನು ಸ್ಟೆಮ್ ಪಟ್ಟಿಯ ವಿಷಯವಲ್ಲವಾದ್ದರಿಂದ ಸಾಮಾನ್ಯವಾಗಿ ನಮಗಿರೋದು ಒಂದೇ ವರ್ಷ. ಅದರಲ್ಲೂ ಕೆಲಸವಿಲ್ಲದೆ ಇರಬಹುದಾದದ್ದು ಒಟ್ಟು 90 ದಿನ. ಜೂನ್‌ನಲ್ಲಿ ಪದವಿ, ಜುಲೈ ಕೊನೆಗೆ ಬಾರ್ ಪರೀಕ್ಷೆ. ಕ್ಯಾಲಿಫೋರ್ನಿಯಾದಲ್ಲಿ ಅದರ ಫಲಿತಾಂಶ ಬರೋದು ನವೆಂಬರ್‌ನಲ್ಲಿ. ಈ ಲೆಕ್ಕ ತಲೆಯಲ್ಲಿ ಓಡುತ್ತಿರುವಾಗ ನಿದ್ದೆ ಬರೋದೇ ಕಷ್ಟ. ಯಾವ ಟೈಮ್‌ಟೇಬಲ್ಲೂ ವೀಸಾ ನಿಯಮವನ್ನು ಬದಲಾಯಿಸೋದಿಲ್ಲ.

ನಮ್ಮ ಕೈಲಿ ಇಲ್ಲದ್ದು ಇನ್ನೂ ಇದೆ. 2025ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾ ಬಾರ್ ಪರೀಕ್ಷೆ ಹೊಸ ವ್ಯವಸ್ಥೆಯಲ್ಲಿ ನಡೆದಾಗ ಸಾಫ್ಟ್‌ವೇರ್ ಕೆಟ್ಟು, ತಿಂಗಳುಗಟ್ಟಲೆ ತಯಾರಾದವರ ಉತ್ತರಗಳೇ ಸರಿಯಾಗಿ ಉಳಿಯದೆ ಗೋಳಾಡಿದರು. ಕೊನೆಗೆ ರಾಜ್ಯದ ಸುಪ್ರೀಂ ಕೋರ್ಟ್ ಉತ್ತೀರ್ಣರಾಗುವ ಅಂಕವನ್ನು ತಗ್ಗಿಸಬೇಕಾಯಿತು. ಜುಲೈಗೆ ಹಳೆಯ ಪದ್ಧತಿಯ ಬಹು ಆಯ್ಕೆ ಪ್ರಶ್ನೆಗಳಿಗೇ ಮರಳಿದರು. ಅಂಥ ಹೊಡೆತ ತಡೆದುಕೊಳ್ಳಲು ಬೇಕಾದದ್ದು ಇನ್ನೆರಡು ಗಂಟೆಯ ಓದಲ್ಲ, ದೇಹದಲ್ಲಿ ಮಿಗಿಸಿಟ್ಟ ಶಕ್ತಿ. ಸಾಲ ಇರೋದರಿಂದಲೇ ಆರೋಗ್ಯ ಬೇಕು. ಸಾಲಗಾರ ರೈತ ಎತ್ತಿಗೆ ಮೇವು ಕಮ್ಮಿ ಮಾಡೋದಿಲ್ಲ.

ಗ್ರೇಡ್ ವಿಷಯವೂ ಅಷ್ಟೇ. ದೊಡ್ಡ ಫರ್ಮ್‌ಗಳು ಗ್ರೇಡ್ ನೋಡ್ತಾವೆ, ನಿಜ. ಆದರೆ ಆ ಅಂಕವೇ ಬದುಕು ಅನ್ನೋದಕ್ಕೆ ಆಧಾರ ಕಮ್ಮಿ. ಸ್ಟ್ಯಾನ್‌ಫರ್ಡ್ ಲಾ ಸ್ಕೂಲ್ 2008ರಲ್ಲೇ ಎ, ಬಿ ಅಕ್ಷರಗಳನ್ನು ಬಿಟ್ಟು ಆನರ್ಸ್, ಪಾಸ್ ಅನ್ನುವ ಪದ್ಧತಿಗೆ ಹೋಗುವ ತೀರ್ಮಾನ ಮಾಡಿತು. ಆರು ಸಾವಿರಕ್ಕೂ ಹೆಚ್ಚು ವಕೀಲರನ್ನು ಕೇಳಿ ಕ್ರೀಗರ್ ಮತ್ತು ಶೆಲ್ಡನ್ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲಾ ಸ್ಕೂಲಿನ ರ‍್ಯಾಂಕಿಗೂ ಮುಂದಿನ ನೆಮ್ಮದಿಗೂ ಇದ್ದ ನಂಟು ತೀರ ಸಣ್ಣದು. ತನ್ನ ಕೆಲಸ ತನ್ನ ಇಷ್ಟದ್ದು ಅನ್ನುವ ಭಾವನೆಗೂ, ಜನರ ಜೊತೆಗಿನ ಸಂಬಂಧಕ್ಕೂ ಇದ್ದ ನಂಟು ದೊಡ್ಡದು. ಕೋರ್ಟಿನ ಬಗ್ಗೆ ನಮ್ಮ ಹಿರಿಯರು "ಗೆದ್ದವ ಸೋತ, ಸೋತವ ಸತ್ತ" ಅಂತ ಹೇಳಿದ್ದು ಕಕ್ಷಿದಾರರಿಗೆ. ಕಾನೂನು ಓದುವವರಿಗೂ ಅದೇ ಗಾದೆ ಅನ್ವಯಿಸುವ ಹಾಗೆ ಮಾಡಿಕೊಳ್ಳೋದು ಬೇಡ.

ಕೇಳೋಕೆ ನಾಚಿಕೆ, ಹೇಳೋಕೆ ಭಯ

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. 2014ರಲ್ಲಿ ಅಮೆರಿಕದ 15 ಲಾ ಸ್ಕೂಲುಗಳ 3,300ಕ್ಕೂ ಹೆಚ್ಚು ವಿದ್ಯಾರ್ಥಿಗಳ ಸಮೀಕ್ಷೆ ನಡೆಯಿತು. ಶೇ. 17 ಮಂದಿಯಲ್ಲಿ ಖಿನ್ನತೆಯ ಲಕ್ಷಣ, ಶೇ. 37 ಮಂದಿಯಲ್ಲಿ ಆತಂಕದ ಲಕ್ಷಣ ಕಂಡಿತು. ಹಿಂದಿನ ಒಂದು ವರ್ಷದಲ್ಲಿ ಮನಸ್ಸಿನ ತೊಂದರೆಗೆ ಸಹಾಯ ಬೇಕು ಅನ್ನಿಸಿದವರು ಶೇ. 42. ಅವರಲ್ಲಿ ಸಹಾಯ ಪಡೆದವರು ಸುಮಾರು ಅರ್ಧ ಮಾತ್ರ. ಉಳಿದವರು ಯಾಕೆ ಹೋಗಲಿಲ್ಲ ಅನ್ನುವುದಕ್ಕೆ ಸಿಕ್ಕ ಉತ್ತರಗಳಲ್ಲಿ ಒಂದು, "ಗೊತ್ತಾದರೆ ಬಾರ್‌ಗೆ ಸೇರಿಸಿಕೊಳ್ಳುತ್ತಾರೋ ಇಲ್ಲವೋ" ಅನ್ನುವ ಭಯ.

ನಮಗೆ ಇದರ ಮೇಲೆ ಊರಿನ ಭಯವೂ ಇದೆ. ನಿಮ್ಹಾನ್ಸ್ ದೇಶಕ್ಕೇ ಹೆಮ್ಮೆಯ ಸಂಸ್ಥೆ. ಆದರೆ ನಮ್ಮ ಹರಟೆಯಲ್ಲಿ ಆ ಹೆಸರು ಬರೋದು "ಇವನನ್ನ ನಿಮ್ಹಾನ್ಸ್‌ಗೆ ಸೇರಿಸಬೇಕು" ಅನ್ನುವ ತಮಾಷೆಗೆ. ಹತ್ತು ಜನರ ನಡುವೆ ಆ ತಮಾಷೆ ಕೇಳಿ ನಕ್ಕವರಲ್ಲಿ ಒಬ್ಬರಿಗೆ ನಿಜವಾಗಿ ಸಹಾಯ ಬೇಕಿದ್ದರೆ, ಅವರು ಆ ದಿನದಿಂದ ಬಾಯಿ ಬಿಡೋದಿಲ್ಲ. ಸ್ಟ್ಯಾನ್‌ಫರ್ಡ್ ಕಡೆ ಬಾತುಕೋಳಿಯ ಹೋಲಿಕೆ ಪ್ರಸಿದ್ಧ: ನೀರಿನ ಮೇಲೆ ಹಾಯಾಗಿ ತೇಲಿದ ಹಾಗೆ ಕಾಣುತ್ತದೆ, ಕೆಳಗೆ ಕಾಲು ಒಂದೇ ಸಮನೆ ಬಡಿಯುತ್ತಿರುತ್ತದೆ. "ಚೆನ್ನಾಗಿದೀನಿ, ಏನೂ ತೊಂದರೆ ಇಲ್ಲ" ಅಂತ ಫೋನಿನಲ್ಲಿ ಹೇಳುವ ನಮ್ಮ ಮಕ್ಕಳಿಗೆ ಈ ಹೋಲಿಕೆ ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ಭಯ ಕಳೆಯುವ ನಾಲ್ಕು ವಿಷಯ ಸ್ಪಷ್ಟವಾಗಿ ಬರೆಯುತ್ತಿದ್ದೇವೆ. ಒಂದು, ಕ್ಯಾಲಿಫೋರ್ನಿಯಾ 2019ರಲ್ಲಿ ಎಸ್.ಬಿ. 544 ಅನ್ನುವ ಕಾನೂನು ಮಾಡಿತು. ಬಾರ್ ಪ್ರವೇಶಕ್ಕೆ ನಡತೆ ಪರಿಶೀಲಿಸುವಾಗ ಅರ್ಜಿದಾರರ ಮಾನಸಿಕ ಆರೋಗ್ಯದ ವೈದ್ಯಕೀಯ ದಾಖಲೆಗಳನ್ನು ನೋಡುವ ಹಾಗಿಲ್ಲ. ಅರ್ಜಿದಾರರೇ ತಮ್ಮ ಪರವಾಗಿ ಅದನ್ನು ಮುಂದಿಟ್ಟರೆ ಮಾತು ಬೇರೆ. ಎರಡು, ನ್ಯೂಯಾರ್ಕ್ ಕೂಡ ತನ್ನ ಅರ್ಜಿಯಿಂದ ಮಾನಸಿಕ ಆರೋಗ್ಯದ ಪ್ರಶ್ನೆ ತೆಗೆಯೋದಾಗಿ 2020ರಲ್ಲಿ ಪ್ರಕಟಿಸಿತು. ಬೇರೆ ರಾಜ್ಯದಲ್ಲಿ ಬಾರ್ ಬರೆಯುವವರು ಅಲ್ಲಿನ ಅರ್ಜಿಯನ್ನು ಮೊದಲೇ ಓದಿಕೊಳ್ಳಿ. ಕೇಳಿದ ಮಾತು ನಂಬಿ ಹೆದರೋದಕ್ಕಿಂತ ಫಾರ್ಮ್ ಓದೋದು ಮೇಲು, ಅದು ತಾನೇ ನಾವು ಕಲಿಯುತ್ತಿರುವ ವಿದ್ಯೆ!

ಮೂರು, ವೀಸಾ. ಕೋರ್ಸ್ ಕಮ್ಮಿ ಮಾಡಿದರೆ ವೀಸಾ ಹೋಗುತ್ತದೆ ಅನ್ನುವ ಮಾತು ಅರ್ಧ ನಿಜ. ಹೇಳದೆ ಕೇಳದೆ ಬಿಟ್ಟರೆ ತೊಂದರೆ ಖಂಡಿತ. ಆದರೆ ಕಾಯಿಲೆಯ ಕಾರಣಕ್ಕೆ ಕಮ್ಮಿ ಕೋರ್ಸ್ ಓದಲು ಎಫ್-1 ನಿಯಮದಲ್ಲೇ ಅವಕಾಶವಿದೆ, ಒಂದು ಪದವಿ ಮಟ್ಟಕ್ಕೆ ಒಟ್ಟು 12 ತಿಂಗಳವರೆಗೆ. ವೈದ್ಯರು ಅಥವಾ ಲೈಸೆನ್ಸ್ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್ ಪತ್ರ ಕೊಡಬೇಕು. ಅಂತಾರಾಷ್ಟ್ರೀಯ ವಿದ್ಯಾರ್ಥಿಗಳ ಆಫೀಸಿನ ಒಪ್ಪಿಗೆ ಮೊದಲು, ಕೋರ್ಸ್ ಬಿಡೋದು ಆಮೇಲೆ. ಈ ಕ್ರಮ ತಪ್ಪಬಾರದು.

ನಾಲ್ಕು, ಕ್ಯಾಂಪಸ್ಸಿನ ಕೌನ್ಸೆಲಿಂಗ್. ಸ್ಟ್ಯಾನ್‌ಫರ್ಡ್‌ನಲ್ಲಿ ಅದು ವೇಡನ್ ಹೆಲ್ತ್ ಸೆಂಟರ್‌ನ ಕ್ಯಾಪ್ಸ್, ಬೇರೆ ವಿಶ್ವವಿದ್ಯಾಲಯಗಳಲ್ಲಿ ಬೇರೆ ಹೆಸರು. ಅಲ್ಲಿ ಹೇಳಿದ್ದು ಪ್ರೊಫೆಸರರಿಗೂ ಹೋಗೋದಿಲ್ಲ, ಊರಿಗೂ ಹೋಗೋದಿಲ್ಲ. ಜೀವಕ್ಕೆ ಅಪಾಯ ಇರುವಂಥ ಕೆಲವು ಸಂದರ್ಭಗಳಲ್ಲಿ ಮಾತ್ರ ಆ ಗುಟ್ಟಿಗೆ ವಿನಾಯಿತಿ. ತೀರಾ ತಡೆಯಲಾಗದ ಹೊತ್ತಲ್ಲಿ, ಹಗಲಾಗಲಿ ರಾತ್ರಿಯಾಗಲಿ, ಅಮೆರಿಕದಲ್ಲಿ ಎಲ್ಲಿಂದ ಬೇಕಾದರೂ 988ಕ್ಕೆ ಫೋನ್ ಮಾಡಬಹುದು, ಮೆಸೇಜ್ ಕೂಡ ಕಳಿಸಬಹುದು. ಈ ನಂಬರ್ ಈಗಲೇ ಸೇವ್ ಮಾಡಿಕೊಳ್ಳಿ. ನಿಮಗೆ ಬೇಡವಾದರೂ ಪಕ್ಕದ ರೂಮಿನವರಿಗೆ ಬೇಕಾಗಬಹುದು.

ಸಂಘ ಮಾಡಬಹುದಾದದ್ದು

ಕನ್ನಡ ಸಂಘ ಅಂದರೆ ರಾಜ್ಯೋತ್ಸವ, ದೀಪಾವಳಿ, ಯುಗಾದಿ ಅಷ್ಟೇ ಅಲ್ಲ ಅಂತ ಪ್ರತಿ ವರ್ಷದ ಸಂಚಿಕೆಯಲ್ಲೂ ಯಾರಾದರೂ ಬರೀತಾರೆ. ನಾವು ಕೆಲವು ಸಣ್ಣ ಕೆಲಸ ಸೂಚಿಸುತ್ತೇವೆ, ದುಡ್ಡು ಬೇಡದಂಥವು.

ರಾಜ್ಯೋತ್ಸವ ಬರೋದು ನವೆಂಬರ್ ಮೊದಲಲ್ಲಿ, ಕ್ವಾರ್ಟರ್‌ನ ನಡು ಭಾಗದಲ್ಲಿ. ನಾಟಕ, ಹಾಡಿನ ರಿಹರ್ಸಲ್ ರಾತ್ರಿ ಒಂಬತ್ತಕ್ಕೆ ಶುರುವಾಗಿ ಹನ್ನೆರಡಕ್ಕೆ ಮುಗಿಯುವ ಪದ್ಧತಿ ಬಿಡೋಣ. ಆರಕ್ಕೆ ಶುರು, ಎಂಟಕ್ಕೆ ಮುಗಿಯಲಿ. ಸಂಘದ ಕೆಲಸಕ್ಕೂ ಮುಗಿಯುವ ಗಂಟೆ ಇರಲಿ.

ಭಾನುವಾರ ಒಬ್ಬರ ಮನೆಯಲ್ಲಿ ದೊಡ್ಡ ಪಾತ್ರೆಯಲ್ಲಿ ಸಾರು, ಪಲ್ಯ ಮಾಡಿ ನಾಲ್ಕು ಮನೆ ಹಂಚಿಕೊಂಡರೆ ತಲಾ ಮೂರು ಸಂಜೆಯ ಅಡುಗೆ ಉಳಿಯುತ್ತದೆ. ಪೊಟ್ಟಣದ ಉಪ್ಪಿಟ್ಟು ನುಂಗಿ ವಾರ ತಳ್ಳೋದು ತಪ್ಪುತ್ತದೆ.

ಹಿರಿಯ ವಿದ್ಯಾರ್ಥಿಗಳು, ಇಲ್ಲೇ ನೆಲೆಸಿರುವ ಕನ್ನಡದ ವಕೀಲರು ಸಿಕ್ಕಾಗ "ಕೆಲಸ ಸಿಕ್ತಾ?" ಅಂತ ಮೊದಲು ಕೇಳಬೇಡಿ ಅಂತ ವಿನಂತಿ. "ಊಟ ಆಯ್ತಾ? ನಿದ್ದೆ ಬರ್ತಿದೆಯಾ?" ಅಂತ ಕೇಳಿ. ನಮ್ಮ ಭಾಷೆಯಲ್ಲಿ ಕ್ಷೇಮ ವಿಚಾರಿಸೋಕೆ "ಊಟ ಆಯ್ತಾ" ಅನ್ನೋದು ಸುಮ್ಮನೆ ಬಂದದ್ದಲ್ಲ. ಎರಡು ವಾರ ಯಾರಾದರೂ ಗುಂಪಿನಲ್ಲಿ ಸದ್ದಿಲ್ಲ ಅಂದರೆ ಮೆಸೇಜ್ ಹಾಕಿ ಸುಮ್ಮನಾಗದೆ ಬಾಗಿಲು ತಟ್ಟಿ.

ಕೊನೆಯದಾಗಿ, ಶನಿವಾರ ಬೆಳಗ್ಗೆ ಡಿಶ್ ನಡಿಗೆ. 150 ಅಡಿ ಅಗಲದ ರೇಡಿಯೋ ದೂರದರ್ಶಕ ನಿಂತಿರುವ ಆ ಗುಡ್ಡದ ಸುತ್ತು ಸುಮಾರು ಮೂರೂವರೆ ಮೈಲಿ. ಏರು ಸ್ವಲ್ಪ ಇದೆ, ಮೇಲೆ ಹೋದರೆ ಕೊಲ್ಲಿ ಕಾಣುತ್ತದೆ. ಒಂದೂವರೆ ಗಂಟೆಯ ಕೆಲಸ. ಷರತ್ತು ಒಂದೇ: ಹೋಗಿ ಬರುವ ತನಕ ಕೇಸು, ಗ್ರೇಡು, ವೀಸಾ ಮಾತು ಬೇಡ. ಕಾನೂನಿನವರೇ ಬರಬೇಕು ಅಂತಿಲ್ಲ, ಪಿ.ಎಚ್‌ಡಿ. ಐದನೇ ವರ್ಷದವರಿಗೂ ಇದು ಬೇಕು ಅಂತ ನಮಗೆ ಗೊತ್ತು. ಮುಂದಿನ ಕ್ವಾರ್ಟರ್‌ನ ಮೊದಲ ಶನಿವಾರ ಬೆಳಗ್ಗೆ ಎಂಟಕ್ಕೆ ಸ್ಟ್ಯಾನ್‌ಫರ್ಡ್ ಅವೆನ್ಯೂ ಗೇಟ್ ಹತ್ತಿರ ನಾವಿರುತ್ತೇವೆ. ಹೊಸಬರನ್ನು ಕರೆದುಕೊಂಡು ಬನ್ನಿ. ಫ್ಲಾಸ್ಕಿನಲ್ಲಿ ಕಾಫಿ ತರುವ ಜವಾಬ್ದಾರಿ ನಮ್ಮದು.